ಹುಣಸಿ ಬೀಜ ಎಣಿಸಿ ಬರೆದ ನಕಾಶೆ



ಪೋಸ್ಟ್ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಓದ್ರಿ. ಮಾಸ್ತರಿಕೆ ಮಾಡುವ ಗೆಳೆಯರು ಮಾತ್ರ ತಪ್ಪದೇ ಓದ್ರಿ, ನಿಮಗಾಗೇ ಬರೆದದ್ದು.

ಕಳೆದ ಮೂರು ತಿಂಗಳು ಶನಿವಾರಕ್ಕೊಮ್ಮೆ ವಿಜಯಪುರದಿಂದ ತಿಕೋಟಾ ಕಡೆ ಬಸ್ ಹತ್ತುತ್ತಿದ್ದೆ. ಆ ತಾಲೂಕಿನ ಒಂದು ಸರ್ಕಾರಿ ಶಾಲೆಗೆ ಹೋಗಲು. ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಅಂತ ಕೊನೆಗೆ ನಿಮಗೇ ತಿಳಿಯುತ್ತದೆ. ಅಲ್ಲಿ ಮೂರನೇ, ನಾಲ್ಕನೇ ತರಗತಿಗೆ ಕಲಿಸುವ ಮಾಸ್ತರ್ ನನ್ನ ಹಳೆಯ ಗೆಳೆಯ. ಒಂದಿನ ಫೋನ್ ಮಾಡಿ, "ನಮ್ಮ ಗ್ವಾಡಿ ಮ್ಯಾಲ ದೊಡ್ಡ ದೊಡ್ಡ ಅನ್ವೇಷಕರ ಚಾರ್ಟ್ ಐತಿ. ಹುಡುಗರಿಗೆ ಹೆಸರು ಬಾಯಿಪಾಠ ಆಗ್ಯಾವ, ತಲ್ಯಾಗ ಏನೂ ಉಳಿದಿಲ್ಲ. ನೀ ಬಂದು ಏನಾರ ಮಾಡು" ಅಂದ.

ಹೋಗಿ ನೋಡಿದೆ. ಕೊಲಂಬಸ್, ವಾಸ್ಕೋ ಡ ಗಾಮ, ಮೆಗೆಲನ್. ಎಲ್ಲರಿಗೂ ಗಡ್ಡ, ಎಲ್ಲರಿಗೂ ಟೊಪ್ಪಿಗೆ, ಎಲ್ಲರ ಹಿಂದೆ ಒಂದೊಂದು ಹಡಗು. ನೋಡಿದ ಕೂಡಲೇ ನನ್ನದೇ ನಾಲ್ಕನೇ ತರಗತಿ ನೆನಪಾಯ್ತು.

ನಾನು ಬಬಲೇಶ್ವರ ಕಡೆಯವನು. ಆಗ ಅದು ತಾಲೂಕು ಆಗಿರಲಿಲ್ಲ. "ಭಾರತವನ್ನು ಕಂಡುಹಿಡಿದವರು ಯಾರು?" ಅಂತ ಪ್ರಶ್ನೆ. ನಾನು "ವಾಸ್ಕೋ ಡ ಗಾಮ, 1498" ಅಂತ ಬರೆದು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಮನೆಗೆ ಓಡಿಬಂದು ಅವ್ವನಿಗೆ ಹೇಳಿದೆ. ಅವ್ವ ಜೋಳದ ಹೊಲದಲ್ಲಿ ಸದಿ ತೆಗೆದು ಬಂದು ಕಾಲು ತೊಳೆಯುತ್ತಿದ್ದಳು. "ಅಲ್ಲೋ ಯಪ್ಪಾ, ಅಂವಾ ಬರೂತನಾ ಇಲ್ಲಿ ಯಾರೂ ಇರಲಿಲ್ಲೇನು?" ಅಂದಳು. ನನಗೆ ಸಿಟ್ಟು ಬಂತು. ಅವ್ವಗ ಏನೂ ಗೊತ್ತಿಲ್ಲ ಅನ್ನಿಸಿತು. ಆಕೆ ಕೇಳಿದ ಪ್ರಶ್ನೆಯ ತೂಕ ಗೊತ್ತಾಗಲು ನನಗೆ ಇಪ್ಪತ್ತು ವರ್ಷ ಬೇಕಾಯ್ತು.

ಅದೇ ವರ್ಷ ಶಾಲೆಯಿಂದ ಗೋಳಗುಮ್ಮಟ ನೋಡಲು ಕರೆದುಕೊಂಡು ಹೋಗಿದ್ದರು. ಬುತ್ತಿ ಬಿಚ್ಚುವಾಗ ಕೇರಿಯ ನಾವು ಮೂವರು ಬೇರೆ ಬೇವಿನ ಗಿಡದ ಕೆಳಗೆ ಕೂತೆವು. ಯಾರೂ ಕೂಡ್ರಿ ಅಂತ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ನಮಗೆ ನಮ್ಮ ಜಾಗ ಗೊತ್ತಿತ್ತು. ಆಮೇಲೆ ಮೇಲೆ ಹತ್ತಿ ಎಲ್ಲರೂ ಹೆಸರು ಕೂಗಿದರು, ನಾನೂ ನನ್ನ ಹೆಸರು ಕೂಗಿದೆ. ಗುಮ್ಮಟ ಎಲ್ಲರ ಹೆಸರನ್ನು ಎಷ್ಟು ಸಲ ತಿರುಗಿ ಹೇಳಿತೋ ನನ್ನ ಹೆಸರನ್ನೂ ಅಷ್ಟೇ ಸಲ ಹೇಳಿತು. ಆ ಪ್ರವಾಸದಲ್ಲಿ ನಾನು ಕಲಿತದ್ದು ಅದೊಂದೇ.

ಹಾಗಾಗಿ ಈ ಮಕ್ಕಳಿಗೆ ಮತ್ತದೇ ಗಡ್ಡ-ಟೊಪ್ಪಿಗೆ ಕಲಿಸಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡೆ.

ಮೊದಲ ಶನಿವಾರ ಒಂದು ಚೀಲ ಒಯ್ದೆ. ಅದರಲ್ಲಿ ನಾಲ್ಕು ಸಾಮಾನು: ಒಂದು ಜಪಮಣಿ ಸರ, ಒಂದು ಕವಡಿ, ಹೈಸ್ಕೂಲಿನಿಂದ ಕಡ ತಂದ ಥರ್ಮಾಮೀಟರ್, ಕೋಲಿಗೆ ಸಿಗಿಸಿದ ಒಂದು ತಗಡಿನ ಡಬ್ಬಿ. "ಇವು ಒಬ್ಬನೇ ಮನುಷ್ಯಾನ ಸಾಮಾನು. ಅಂವಾ ಯಾರು, ಏನ್ ಕೆಲಸ ಮಾಡತಿದ್ದ, ಹೇಳ್ರಿ" ಅಂದೆ.

ತರಗತಿ ಎದ್ದು ನಿಂತಿತು. ಸರ ನೋಡಿ ಒಬ್ಬ "ನಮ್ಮ ಮುತ್ಯಾಂದ್ರಿ" ಅಂದ. ಇನ್ನೊಬ್ಬಳು "ಅಲ್ರಿ, ನಮ್ಮ ದಾದೀದು ತಸ್ಬಿ" ಅಂದಳು. ಕವಡಿ ನೋಡಿದ ಕೇರಿಯ ಹುಡುಗಿಯೊಬ್ಬಳು "ಜೋಗಮ್ಮನ ಸರದಾಗಿಂದು" ಅಂದಳು. ಡಬ್ಬಿ ಏನಂತ ಯಾರಿಗೂ ತಿಳಿಯಲಿಲ್ಲ. ಥರ್ಮಾಮೀಟರ್ ನೋಡಿ "ಡಾಕ್ಟರ್!" ಅಂತ ಎಲ್ಲರೂ ಕೂಗಿದರು. ಜಪ ಮಾಡುವ, ಕವಡಿ ಇಟ್ಟುಕೊಂಡ ಡಾಕ್ಟರ್! ನಕ್ಕು ನಕ್ಕು ಸಾಕಾಯ್ತು.

ಆಮೇಲೆ ನೈನ್ ಸಿಂಗ್ ರಾವತ್‌ನ ಕಥೆ ಹೇಳಿದೆ. ಹಿಮಾಲಯದ ಕುಮಾವೂಂ ಸೀಮೆಯ ಮಿಲಂ ಎಂಬ ಹಳ್ಳಿಯವನು. ಊರ ಶಾಲೆಯಲ್ಲಿ ಮಾಸ್ತರ್ ಆಗಿದ್ದ. ಅದಕ್ಕೇ ಬ್ರಿಟಿಷರ ಸರ್ವೆ ಇಲಾಖೆಯವರು ಅವನನ್ನು "ಪಂಡಿತ" ಅಂತ ಕರೆದರು. ಆ ಕಾಲಕ್ಕೆ ಟಿಬೆಟ್ಟಿನೊಳಗೆ ಪರದೇಶದವರಿಗೆ ಪ್ರವೇಶ ಇರಲಿಲ್ಲ, ಅವರ ನಕಾಶೆಯಲ್ಲಿ ಆ ಭಾಗ ಖಾಲಿ ಇತ್ತು. ಹಂಗಾಗಿ ಅಲ್ಲಿ ಓಡಾಡಿ ಬರಬಲ್ಲ ಈ ಮಾಸ್ತರನಿಗೆ ತರಬೇತಿ ಕೊಟ್ಟು 1865ರಲ್ಲಿ ವೇಷ ಮರೆಸಿ ಕಳಿಸಿದರು. ಜಪಮಾಲೆಯಲ್ಲಿ 108ರ ಬದಲು 100 ಮಣಿ. ನೂರು ಹೆಜ್ಜೆಗೊಂದು ಮಣಿ ಸರಿಸಬೇಕು. ಮಾಲೆ ಒಂದು ಸುತ್ತು ಬಂದರೆ ಹತ್ತು ಸಾವಿರ ಹೆಜ್ಜೆ, ಅಂದರೆ ಸುಮಾರು ಐದು ಮೈಲಿ. ತಗಡಿನ ಡಬ್ಬಿ ಅವರ ಪ್ರಾರ್ಥನೆಯ ಚಕ್ರದಂಥದ್ದು, ಅದರೊಳಗೆ ಮಂತ್ರದ ಬದಲು ಅವನ ಲೆಕ್ಕದ ಚೀಟಿಗಳು. ಕವಡಿಯೊಳಗೆ ಪಾದರಸ. ನೋಡಿದವರು ಜಪ ಮಾಡಾಕತ್ಯಾನ ಅಂದ್ಕೋಬೇಕು, ಅವನು ಮಾತ್ರ ದಾರಿ ಅಳೆಯುತ್ತಿದ್ದ. 1866ರ ಜನವರಿಯಲ್ಲಿ ಲ್ಹಾಸಾ ಮುಟ್ಟಿದ. ಮುಂದೆ 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು.

"ಮಾಸ್ತರ್ ಏನ್ರಿ ಅಂವಾ? ನಮ್ಮ ಸರ್‌ನಂಗ?" ಅಂತ ಒಬ್ಬ ಕೇಳಿದ. ಗೆಳೆಯ ಕಾಲರ್ ಸರಿ ಮಾಡಿಕೊಂಡ.

ಇನ್ನು ನಮ್ಮ ಸರದಿ. ಮಣಿ ಸರ ಎಲ್ಲಿಂದ ತರೋದು? ಶಾಲೆಯ ಹಿಂದೆ ಹುಣಸಿ ಗಿಡ ಐತಿ. ಒಬ್ಬೊಬ್ಬರೂ ಜೇಬು ತುಂಬ ಹುಣಸಿ ಬೀಜ ಆರಿಸಿದರು. ಟೇಪ್ ಹಿಡಿದು ಮೈದಾನದಲ್ಲಿ 10 ಮೀಟರ್ ಗೆರೆ ಹಾಕಿ ಎಲ್ಲರನ್ನೂ ನಡೆಸಿದೆವು. ಯಾರಿಗೆ 18 ಹೆಜ್ಜೆ, ಯಾರಿಗೆ 23. ಹೆಚ್ಚಿನವರಿಗೆ 20. ಅಂದರೆ ಹೆಜ್ಜೆಗೆ ಅರ್ಧ ಮೀಟರ್, ನೂರು ಹೆಜ್ಜೆಗೆ 50 ಮೀಟರ್, ಎಡ ಜೇಬಿನಿಂದ ಬಲ ಜೇಬಿಗೆ ಒಂದು ಬೀಜ. 20 ಬೀಜ ಆದರೆ ಒಂದು ಕಿಲೋಮೀಟರ್. ಗುಣಾಕಾರ ಅಂದರೆ ಅಳುತ್ತಿದ್ದ ಹುಡುಗರು ಇದನ್ನು ಒಂದೇ ದಿನದಲ್ಲಿ ಹಿಡಿದರು. ಓಡಿದರೆ ಹೆಜ್ಜೆ ದೊಡ್ಡದಾಗುತ್ತದೆ, ಮಾತಾಡಿದರೆ ಎಣಿಕೆ ತಪ್ಪುತ್ತದೆ ಅಂತ ನಾನು ಹೇಳಲಿಲ್ಲ, ಅವರೇ ಜಗಳಾಡಿ ಕಂಡುಕೊಂಡರು. ಒಂದೇ ದಾರಿಯನ್ನು ಮೂರು ಸಲ ನಡೆದು ನೋಡಬೇಕು ಅನ್ನೋ ನಿಯಮವನ್ನೂ ಅವರೇ ಮಾಡಿದರು.

ಎರಡನೇ ಶನಿವಾರ ನೀರು ಕುದಿಸಿದೆವು. ಒಲೆ ಹತ್ತಿರ ಮಾಸ್ತರ್, ದೂರದಲ್ಲಿ ಗೆರೆ ಎಳೆದು ಮಕ್ಕಳು. ಸಮುದ್ರದ ದಂಡೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ. ಅಂದಾಜು 300 ಮೀಟರಿಗೆ ಒಂದು ಡಿಗ್ರಿ ಇಳಿಕೆ. ನೈನ್ ಸಿಂಗ್ ಲ್ಹಾಸಾದ ಎತ್ತರ ಲೆಕ್ಕ ಹಾಕಿದ್ದು ಹೀಗೇ, ನೀರು ಕುದಿಸಿ. ನಮ್ಮ ಥರ್ಮಾಮೀಟರ್ 98ರ ಹತ್ತಿರ ನಿಂತಿತು. ವಿಜಯಪುರ ಸೀಮೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಲೆಕ್ಕ ಕೂಡಿತು. "ಹಂಗಾದ್ರ ಲ್ಹಾಸಾದಾಗ ಚಾ ಲಗೂನ ಆಗತೈತೇನ್ರಿ?" ಅಂತ ಒಬ್ಬಳು ಕೇಳಿದಳು. ನೀರು ಬೇಗ ಕುದಿಯುತ್ತದೆ ಖರೆ, ಆದರೆ ಅಷ್ಟು ಬಿಸಿ ಇರೋದಿಲ್ಲ, ಬ್ಯಾಳಿ ಬೇಯಾಕ ತಡ ಆಗತೈತಿ ಅಂದೆ. ಅಡುಗೆ ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಇದನ್ನ ನಮಗ್ಯಾರೂ ಹೇಳಲಿಲ್ಲ ನೋಡ್ರಿ" ಅಂದಳು.

ಮೂರನೇ ಸಲ ಟಂಟಂ ಮಾಡಿಕೊಂಡು ತೊರವಿಗೆ ಹೋದೆವು. ತಿಕೋಟಾದಿಂದ ವಿಜಯಪುರಕ್ಕೆ ಹೋಗುವ ದಾರಿಯಲ್ಲೇ ಇರುವ, ತೊರವೆ ರಾಮಾಯಣದ ತೊರವಿ. ಆದಿಲ್‌ಶಾಹಿ ಕಾಲದಲ್ಲಿ ಅಲ್ಲಿಂದ ನೆಲದೊಳಗೆ ಸುರಂಗ ಕೊರೆದು ವಿಜಯಪುರ ನಗರಕ್ಕೆ ನೀರು ಒಯ್ದಿದ್ದರು. ಸುರಂಗಕ್ಕೆ ಗಾಳಿ ಬೆಳಕು ಸಿಗಲು, ಹೂಳು ಎತ್ತಲು ನಡುನಡುವೆ ಬಾವಿಯಂಥ ಕಿಂಡಿ ತೋಡಿದ್ದಾರೆ. ಮಕ್ಕಳನ್ನು ದೂರ ನಿಲ್ಲಿಸಿ, ಕಿಂಡಿಯಿಂದ ಕಿಂಡಿಗೆ ಹೆಜ್ಜೆ ಎಣಿಸಿದೆವು. ಮೇಲೆ ನಡೆಯುತ್ತಾ ನೆಲದೊಳಗಿನ ನೀರಿನ ದಾರಿ ಹುಡುಕಿದೆವು.

"ಇದನ್ನ ಯಾರು ಕಟ್ಟಿಸಿದರು?" ಅಂದೆ. "ಸುಲ್ತಾನ!" ಅಂದರು. "ತೋಡಿದವರು ಯಾರು?" ಅಂದೆ. ಸುಮ್ಮನಾದರು. ಆಮೇಲೆ ಹಿಂದಿನಿಂದ ಒಂದು ಸಣ್ಣ ದನಿ, "ನಮ್ಮಂಥವ್ರು ಇರಬೇಕ್ರಿ. ನಮ್ಮಪ್ಪನೂ ಬಾವಿ ತೋಡತಾನ."

ಅಲ್ಲೇ ಬೇವಿನ ನೆರಳಿಗೆ ಕೂತು ಎರಡು ಕಥೆ ಹೇಳಿದೆ. ವಾಸ್ಕೋ ಡ ಗಾಮ ಆಫ್ರಿಕಾದ ಮಾಲಿಂದಿ ಬಂದರಿನತನಕ ಬಂದು ಅಲ್ಲಿಂದ ಮುಂದೆ ದಾರಿ ಗೊತ್ತಿದ್ದ ಒಬ್ಬ ನಾವಿಕನನ್ನು ಹಡಗಿಗೆ ಹತ್ತಿಸಿಕೊಂಡ. ಆ ಮನುಷ್ಯ ಗಾಳಿ ನೋಡಿ, ನಕ್ಷತ್ರ ನೋಡಿ ಕಲ್ಲಿಕೋಟೆಗೆ ಮುಟ್ಟಿಸಿದ. ದಾರಿ ಮೊದಲೇ ಇತ್ತು, ನಡೆಯುವವರೂ ಇದ್ದರು. ಅಮೆರಿಕದ ರಾಬರ್ಟ್ ಪಿಯರಿ 1909ರಲ್ಲಿ ಉತ್ತರ ಧ್ರುವ ಮುಟ್ಟಿದೆ ಅಂದ. ಅವನ ಜೊತೆ ಮ್ಯಾಥ್ಯೂ ಹೆನ್ಸನ್ ಎಂಬ ಕರಿಯ ಮನುಷ್ಯನಿದ್ದ, ಊಟಾ, ಎಗಿಂಗ್ವಾ, ಸೀಗ್ಲೂ, ಊಕೇಯಾ ಎಂಬ ನಾಲ್ವರು ಇನ್ಯೂಟ್ ಜನರಿದ್ದರು. ಜಾರುಬಂಡಿ ಕಟ್ಟಿದವರು, ನಾಯಿ ಓಡಿಸಿದವರು, ಹಿಮದ ಮನೆ ಮಾಡಿದವರು ಅವರು. ಹೆಸರು ಬಂದದ್ದು ಪಿಯರಿಗೆ. ಹೆನ್ಸನ್ ತಿರುಗಿ ಬಂದು ನ್ಯೂಯಾರ್ಕಿನ ಕಸ್ಟಮ್ಸ್ ಕಚೇರಿಯಲ್ಲಿ ಗುಮಾಸ್ತನಾದ. ಅನ್ವೇಷಕರ ಕ್ಲಬ್ಬಿಗೆ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡದ್ದು 1937ರಲ್ಲಿ, ಅವನಿಗೆ 70 ದಾಟಿದ ಮೇಲೆ.

ಮಕ್ಕಳು ಶಾಲೆಗೆ ತಿರುಗಿ ಬಂದು ಚಾರ್ಟಿನ ಮುಂದೆ ನಿಂತು "ಹಡಗಿನ್ಯಾಗ ಉಳಿದವ್ರು ಎಲ್ಲಿ ಅದಾರ್ರಿ?" ಅಂತ ಕೇಳಿದರು. ನನಗೆ ಅವ್ವನ ನೆನಪಾಯ್ತು.

ಈಗ ಅಸಲಿ ಮಾತಿಗೆ ಬರತೀನಿ.

ನಾಲ್ಕನೇ ಶನಿವಾರ ಊರಿನ ನಕಾಶೆ ಬರೆಯುವ ಕೆಲಸ. ಶಾಲೆ ನಡುವೆ. ಗುಂಪು ನಾವು ಮಾಡಲಿಲ್ಲ, ಅವರವರೇ ಮಾಡಿಕೊಂಡರು. ಅದೇ ನಮ್ಮ ತಪ್ಪು. ಊರ ಓಣಿಯ ಹುಡುಗರು ಒಂದು ಗುಂಪು, ಕೇರಿಯ ಹುಡುಗರು ಒಂದು ಗುಂಪು ಆದರು. ಜೇಬಿನಲ್ಲಿ ಬೀಜ ಹಾಕಿಕೊಂಡು ಹೊರಟರು. ಎರಡು ತಾಸಿಗೆ ಡ್ರಾಯಿಂಗ್ ಹಾಳೆ ತುಂಬ ಬರೆದುಕೊಂಡು ಬಂದರು.

ಊರ ಓಣಿಯವರ ಹಾಳೆಯಲ್ಲಿ ಎಲ್ಲಾ ಇತ್ತು. ಪಂಚಾಯ್ತಿ, ಕಿರಾಣಿ ಅಂಗಡಿ, ಒಣದ್ರಾಕ್ಷಿ ಶೆಡ್ಡು, ಹಾಲಿನ ಡೇರಿ, ಶಾಲೆಯಿಂದ ಮೂರು ಬೀಜ ದೂರದ ಹನಮಪ್ಪನ ಗುಡಿ. ಬಾಬಾಸಾಹೇಬರ ಫೋಟೋ ಇರುವ ನೀಲಿ ಬೋರ್ಡಿನತನಕ ದಾರಿ ಬಂದಿತ್ತು. ಅದರಾಚೆ ಬಿಳಿ ಹಾಳೆ.

"ಮುಂದ ಏನೈತಿ?" ಅಂದೆ.

"ಗೊತ್ತಿಲ್ರಿ. ಆ ಕಡೆ ನಾವು ಹೋಗಂಗಿಲ್ರಿ."

"ಯಾಕ?"

"ಮನ್ಯಾಗ ಬೈತಾರ್ರಿ."

ಕೇರಿಯವರ ಹಾಳೆಯಲ್ಲಿ ಕೇರಿಯ ಒಂದೊಂದು ಮನೆ, ಒಂದೊಂದು ನಳ, ನಳಕ್ಕೆ ನೀರು ಬಾರದ ದಿನ ಹೋಗುವ ಬೋರ್‌ವೆಲ್‌ಗೆ ಎಷ್ಟು ಬೀಜ ಅನ್ನೋದೂ ಇತ್ತು. ಕೊನೆಯ ಮನೆ ಶಾಲೆಯಿಂದ ಹನ್ನೆರಡು ಬೀಜ. ಊರೊಳಗಿನ ದಾರಿಯೂ ಇತ್ತು. ಹನಮಪ್ಪನ ಗುಡಿಯ ಕಟ್ಟೆಯತನಕ ಬಂದು ನಿಂತಿತ್ತು. ಒಳಗೆ ಬಿಳಿ ಹಾಳೆ.

ಇವರನ್ನು ಯಾಕ ಅಂತ ನಾನು ಕೇಳಲಿಲ್ಲ. ಕೇಳುವುದು ನನಗೆ ಆಗಲಿಲ್ಲ.

ಎರಡೂ ಹಾಳೆ ಪಕ್ಕಪಕ್ಕಕ್ಕೆ ಹಚ್ಚಿದೆವು. ಒಂದೇ ಊರು, ಎರಡು ಖಾಲಿ ಜಾಗ. ಟಿಬೆಟ್ ಖಾಲಿ ಇದ್ದದ್ದು ಬ್ರಿಟಿಷರಿಗೆ, ಅಲ್ಲಿದ್ದವರಿಗಲ್ಲ ಅಂತ ಹೇಳಿಕೊಟ್ಟಿದ್ದೆ. ಅದನ್ನು ಮಕ್ಕಳೇ ನನಗೆ ತಿರುಗಿಸಿ ತೋರಿಸಿದ್ದರು. ಮಾಸ್ತರ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಎಂಟು ವರ್ಷದ ಮಕ್ಕಳು, ಯಾರೂ ಪಾಠ ಮಾಡದೇ ಇದನ್ನು ಕಲಿತುಬಿಟ್ಟಿದ್ದರು.

"ಅನ್ವೇಷಕರಿಗೆ ಗೊತ್ತಿಲ್ಲದ ಜಾಗ ಬಂದರ ಏನ್ ಮಾಡತಿದ್ದರು?" ಅಂದೆ. "ಗೊತ್ತಿದ್ದವ್ರನ್ನ ಕೇಳತಿದ್ದರು" ಅಂತ ಮಕ್ಕಳೇ ಹೇಳಿದರು. ಸರಿ, ಕೇಳ್ರಿ ಅಂದೆ.

ಕವಡಿ ಗುರುತಿಸಿದ್ದ ಹುಡುಗಿ ಎದ್ದು ಗುಡಿ ಒಳಗೆ ಏನೈತಿ ಅಂತ ಕೇಳಿದಳು. ಒಬ್ಬ ಹುಡುಗ ಹೇಳಿದ: "ಕತ್ತಲ ಇರತೈತಿ. ಒಂದ ದೀಪ ಇರತೈತಿ. ಹನಮಪ್ಪಗ ಎಣ್ಣಿ ಹಚ್ಚಿರತಾರ. ಗಂಟಿ ಐತಿ, ನನಗ ನಿಲುಕಂಗಿಲ್ಲ."

ಆಕೆ ಸ್ವಲ್ಪ ಹೊತ್ತು ಕಾದಳು. "ಅಷ್ಟ ಏನು?" ಅಂದಳು.

"ಅಷ್ಟ."

ಆಕೆ ಬರೆದುಕೊಂಡಳು. ಅವಳ ಮುಖದಲ್ಲಿ ಮೋಸ ಹೋದವರ ಕಳೆ ಇತ್ತು. ಅಷ್ಟಕ್ಕೇ ನಮ್ಮನ್ನ ಹೊರಗೆ ನಿಲ್ಲಿಸಿದ್ದಾರೇನು ಅನ್ನೋ ಹಾಗೆ.

ಆಮೇಲೆ ಊರ ಓಣಿಯ ಹುಡುಗರು ಕೇರಿ ನೋಡಬೇಕು ಅಂದರು. ಅವರೇ ಅಂದರು, ನಾನಲ್ಲ. ಆ ಹುಡುಗಿ ಮುಂದೆ, ಐದು ಹುಡುಗರು ಹಿಂದೆ, ಕೊನೆಗೆ ನಾವಿಬ್ಬರು. ಬೋರ್ಡ್ ದಾಟಿದರು. ಎಣಿಸುತ್ತಲೇ ನಡೆದರು. ಒಬ್ಬ ಹಲಗಿ ಬಾರಿಸಿ ನೋಡಿದ. ಹುಡುಗಿಯ ಅಮ್ಮ, ಅಂದರೆ ಅಜ್ಜಿ, ಕಟ್ಟೆ ಮೇಲೆ ಕೂತಿದ್ದಳು. ಒಬ್ಬ ಹುಡುಗನ ಗುರುತು ಹಿಡಿದಳು. "ನಿಮ್ಮ ಮುತ್ಯಾನ ಹೊಲದಾಗ ಸದಿ ತಗದೀನಪಾ ನಾ" ಅಂದಳು.

ಬಿಸಿಲಿತ್ತು. ಹುಡುಗ ನೀರು ಕೇಳಿದ.

ಅಜ್ಜಿ ಎದ್ದವಳು ಅಲ್ಲೇ ನಿಂತಳು. "ಬ್ಯಾಡ ಯಪ್ಪಾ. ನಿಮ್ಮ ಮನ್ಯಾಗ ಬೈದಾರು. ಹೋಗಿ ನಿಮ್ಮ ಮನಿಯಾಗ ಕುಡಿ."

ಮೊಮ್ಮಗಳು ಒಳಗೆ ಹೋಗಿ ಗ್ಲಾಸಿನಲ್ಲಿ ನೀರು ತಂದುಕೊಟ್ಟಳು. ಅವನು ಗಟಗಟ ಕುಡಿದ. ಪಕ್ಕದವನಿಗೆ ಕೊಟ್ಟಳು. ಅವನು ಒಣಗಿದ ತುಟಿ ಸವರಿಕೊಂಡು "ನನಗ ನೀರಡಿಕಿ ಇಲ್ಲ" ಅಂದ.

ನನಗೆ ಬಾಬಾಸಾಹೇಬರ ಒಂದು ಪ್ರಯಾಣ ನೆನಪಾಯ್ತು. 1901, ಅವರಿಗೆ ಇನ್ನೂ ಒಂಬತ್ತು ವರ್ಷ. ಅಪ್ಪನನ್ನು ನೋಡಲು ಸಾತಾರಾದಿಂದ ರೈಲಿನಲ್ಲಿ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಜಾತಿ ತಿಳಿದ ಮೇಲೆ ಯಾವ ಬಂಡಿಯವನೂ ಹತ್ತಿಸಿಕೊಳ್ಳಲಿಲ್ಲ. ಎರಡು ಪಟ್ಟು ಬಾಡಿಗೆ ಕೊಟ್ಟು, ಬಂಡಿ ತಾವೇ ಹೊಡೆದುಕೊಂಡು ಹೋಗಬೇಕಾಯ್ತು. ಬುತ್ತಿ ಇತ್ತು, ಕುಡಿಯಲು ನೀರು ಕೊಡುವವರು ಇರಲಿಲ್ಲ. ಇಡೀ ರಾತ್ರಿ ಆ ಮಕ್ಕಳು ಹಸಿದು ಹೋದರು. ಅವರು ಮುಂದೆ 1913ರಲ್ಲಿ ಸಮುದ್ರ ದಾಟಿ ನ್ಯೂಯಾರ್ಕಿಗೆ ಓದಲು ಹೋದದ್ದನ್ನು ನಾವು ದೊಡ್ಡದಾಗಿ ಹೇಳುತ್ತೇವೆ. ನನಗೆ ಕೇಳಿದರೆ ಮಸೂರಿನ ಆ ಬಂಡಿಯ ದಾರಿ ಅದಕ್ಕಿಂತ ದೂರದ್ದು.

ಮುಂದಿನ ಶನಿವಾರ ಶಾಲೆಯ ಗೇಟಿನಲ್ಲಿ ಇಬ್ಬರು ಹಿರಿಯರು ನಿಂತಿದ್ದರು. "ಏನ್ರಿ ಸರ್, ಸಣ್ಣ ಹುಡುಗರ ತಲ್ಯಾಗ ಜಾತಿ ತುಂಬಾಕತ್ತೀರಂತ?"

"ಇಲ್ರಿ ಯಜಮಾನ್ರ. ಜಾತಿ ಅನ್ನೋ ಶಬ್ದ ನಾವು ಒಂದ್ಸಲನೂ ಆಡಿಲ್ಲ. ಹೆಜ್ಜೆ ಎಣಸ್ರಿ ಅಂದೀವಿ ಅಷ್ಟ. ಎಲ್ಲಿ ನಿಂದರಬೇಕು ಅನ್ನೋದನ್ನ ಹುಡುಗರು ಮನ್ಯಾಗ ಕಲ್ತು ಬಂದಾರ" ಅಂದೆ.

ಉತ್ತರ ಬರಲಿಲ್ಲ. ಆದರೆ ಆ ದಿನ ನೀರು ಕುಡಿದ ಹುಡುಗ ಶಾಲೆಗೆ ಬಂದಿರಲಿಲ್ಲ. ನಕಾಶೆ ಗೋಡೆಯಿಂದ ಇಳಿಯಿತು. ಗೆಳೆಯನಿಗೂ ಮನೆ ಮಕ್ಕಳು ಅದಾವ, ಅವನ ಅಂಜಿಕೆ ನನಗೆ ಅರ್ಥ ಆಗುತ್ತದೆ. ಊರ ಹೆಸರು ಯಾಕೆ ಬರೆದಿಲ್ಲ ಅಂತ ನಿಮಗೂ ಈಗ ಅರ್ಥ ಆಗಿರಬೇಕು.

ಕೆಲವು ಗೆಳೆಯರು ಫೋನಿನಲ್ಲಿ ಬೈದರು. "ಆ ಹುಡುಗೀನ ಕೈ ಹಿಡಿದು ಗುಡಿಯೊಳಗ ಕರ್ಕೊಂಡು ಹೋಗಬೇಕಿತ್ತು, ಸಂವಿಧಾನದ 17ನೇ ವಿಧಿ ಐತಲ್ಲ" ಅಂದರು. ಐತಿ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಆದರೆ ಎಂಟು ವರ್ಷದ ಕೂಸನ್ನು ಮುಂದೆ ಬಿಟ್ಟು ಐವತ್ತರ ನಾವು ಹಿಂದೆ ನಿಲ್ಲೋದು ಹೋರಾಟ ಅಲ್ಲ. ಆ ಮೂರು ಬೀಜದ ದಾರಿ ಮೊದಲು ನಡೆಯಬೇಕಾದವರು ನಾವು. ಕೇರಿಯ ಹಿರಿಯರ ಜೊತೆ ಎರಡು ಸಲ ಕೂತು ಮಾತಾಡಿದ್ದೇವೆ. ಕೆಲವರು ಹೂಂ ಅಂದಾರ, ಕೆಲವರು ಕೂಲಿ ತಪ್ಪೀತು ಅಂತ ಅಂಜತಾರ. ಮಾತು ನಡೆದೈತಿ.

ಇದಕ್ಕೆಲ್ಲ ಸಣ್ಣ ಮಕ್ಕಳ ಪಾಠ ಯಾಕೆ ಅನ್ನುವವರಿಗೆ ಒಂದು ಮಾತು. 2014ರ ಮೇ 25ರಂದು ತೆಲಂಗಾಣದ ಸಮಾಜ ಕಲ್ಯಾಣ ವಸತಿ ಶಾಲೆಗಳ ಇಬ್ಬರು ಮಕ್ಕಳು ಎವರೆಸ್ಟ್ ಮೇಲೆ ನಿಂತರು. ಮಾಲಾವತ್ ಪೂರ್ಣಾ, ಆದಿವಾಸಿ ಹುಡುಗಿ, 13 ವರ್ಷ. ಆನಂದ್ ಕುಮಾರ್, ದಲಿತ ಹುಡುಗ. ಭುವನಗಿರಿಯ ಬಂಡೆ ಹತ್ತಿ ಕಲಿತವರು. ಮೊದಲು ಯಾರೋ ಅವರಿಗೆ ಒಂದು ಬಂಡೆ ತೋರಿಸಿ "ಹತ್ತು" ಅಂದಿದ್ದರು. ನಮ್ಮ ಮಕ್ಕಳಿಗೆ ಬೇಕಾದ್ದು ಅಷ್ಟೇ.

ಮಾಸ್ತರ್ ಗೆಳೆಯರೇ, ಇದಕ್ಕೆ ಖರ್ಚಿಲ್ಲ. ಹುಣಸಿ ಬೀಜ, ಒಂದು ಟೇಪು, ಡ್ರಾಯಿಂಗ್ ಹಾಳೆ ಸಾಕು. ಗುಂಪು ಮಾತ್ರ ನೀವೇ ಮಾಡ್ರಿ, ಎಲ್ಲಾ ಓಣಿಯ ಮಕ್ಕಳನ್ನೂ ಬೆರೆಸಿ ಮಾಡ್ರಿ. ನಾವು ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ.

ಹೋದ ವಾರ ಗೆಳೆಯ ಫೋನ್ ಮಾಡಿದ್ದ. ನೀರು ಕುಡಿದ ಹುಡುಗ ಮತ್ತೆ ಶಾಲೆಗೆ ಬರುತ್ತಿದ್ದಾನೆ. "ನಮ್ಮ ನಕಾಶೆ ಎಲ್ಲಿ ಅದ್ರಿ?" ಅಂತ ಮಕ್ಕಳು ದಿನಾ ಕೇಳಿ ಕೇಳಿ, ಕಡೆಗೆ ಅವನು ಅದನ್ನು ಕಪಾಟಿನಿಂದ ತೆಗೆದು ತರಗತಿಯ ಬಾಗಿಲ ಹಿಂದೆ ಹಚ್ಚಿದ್ದಾನೆ. ಫೋಟೋ ಕಳಿಸಿದ್ದ, ದೊಡ್ಡದು ಮಾಡಿ ನೋಡಿದೆ. ಕೇರಿಯ ಭಾಗ ತುಂಬಿದೆ, ಊರ ಓಣಿಯ ಹುಡುಗರ ಅಕ್ಷರದಲ್ಲಿ. ಗುಡಿಯ ಚೌಕದಲ್ಲಿ ಒಂದು ದೀಪ, ಒಂದು ಗಂಟೆ ಬಿಡಿಸಿ ಅದರ ಕೆಳಗೆ ಆ ಹುಡುಗಿ ಪೆನ್ಸಿಲಿನಲ್ಲಿ ಬರೆದಿದ್ದಾಳೆ:

"ಕೇಳಿದ್ದು. ಕಂಡಿಲ್ಲ."

ಜೈಭೀಮ್.